ಎಂಟು ಅಂಕಿ

ಮೊಹಾಚ್ ದಾಟಿ ಕೆಳಗೆ, ನವೆಂಬರಿನ ಮಂಜು.
ಎಂಬತ್ತು ಮೀಟರ್ ಉದ್ದದ ನನ್ನದೇ ಹಡಗಿನ ಮುಂದಿನರ್ಧ
ಯಾರೋ ಕೈಗಡ ಕೇಳಿ ಒಯ್ದ ಹಾಗೆ ಮಾಯ.
ಪರದೆಯ ಮೇಲೆ ಮಾತ್ರ ಡ್ಯಾನ್ಯೂಬ್ ನಿಚ್ಚಳ:
ಎರಡು ಬಗೆಯ ನೀಲಿ,
ಆಳಕ್ಕೊಂದು, ತಳ ತಾಕುವಲ್ಲಿಗೊಂದು,
ನಡುವೆ ಹಸಿರು ತ್ರಿಕೋನ. ಅದು ನಾನು.
ಹೊಟ್ಟೆಯಲ್ಲಿ ಸಾವಿರದ ನೂರು ಟನ್ ಮೆಕ್ಕೆಜೋಳ.

ಈ ಹೊಳೆಗೆ ಲೆಕ್ಕ ಹಿಂದುಮುಂದು.
ಸೊನ್ನೆ ಇರುವುದು ಕಡಲಲ್ಲಿ, ಇದು ಮುಗಿಯುವಲ್ಲಿ.
ಇಳಿದಷ್ಟೂ ಕಿಲೋಮೀಟರು ಸವೆಯುತ್ತದೆ:
ಸಾವಿರದ ನಾನೂರ ನಲವತ್ತನಾಲ್ಕು,
ನಲವತ್ತಮೂರು.

ನಸುಕಿಗೇ ವರದಿ ತುಂಬಿ ಕಳಿಸಿದ್ದೆ.
ಸರಕಿನ ಸಂಕೇತ. ತೂಕ. ಮುಳುಗು ಎರಡು ಮೀಟರ್ ಹತ್ತು.
ಹೊರಟದ್ದು ಬಾಯಾ, ಸೇರುವುದು ಕಾನ್‌ಸ್ಟಾಂಟ್ಸಾ.
ಹಡಗಿನಲ್ಲಿರುವ ಜನ: ಮೂರು.
ಹೊಳೆಗೆ ಸುರಿದರೂ ಅಳೆದು ಸುರಿ
ಅನ್ನುವುದು ಇದಕ್ಕೇ ಇರಬೇಕು.
ಇದನ್ನೇ ಅಪ್ಪ ಗಡಿಗಡಿಯಲ್ಲೂ ಹೊಸದಾಗಿ ಬರೆಯುತ್ತಿದ್ದರು,
ನಾಲ್ಕು ಪ್ರತಿ, ನೀಲಿ ಕಾರ್ಬನ್,
ಮುದ್ರೆ ಬೇಗ ಬೀಳಲೆಂದು ಮೇಲೊಂದು ಸೀಸೆ ಪಾಲಿಂಕಾ.
ಈಗ ಗುಂಡಿ ಒತ್ತಿದರಾಯಿತು. ಸೀಸೆ ನಮಗೇ ಉಳಿಯುತ್ತದೆ.
ಕುಡಿಯಲು ಅಪ್ಪ ಇಲ್ಲ.

ಅವರು ನಂಬಿದ್ದು ಒಂದು ಪಾಪ್ಲರ್ ಮರ, ಒಂದು ಇಗರ್ಜಿಯ ಗೋಪುರ.
ಒಂದರ ಹಿಂದೆ ಇನ್ನೊಂದು ಅಡಗಿದಾಗ ಚುಕ್ಕಾಣಿ ಎಡಕ್ಕೆ.
ಗಾಳಿಗೆ ಮರ ಬಿದ್ದ ವರ್ಷ
ಮೂರು ದಿನ ಮರಳಿನ ಮೇಲೆ ಕೂತಿದ್ದೆವು,
ಸಿಟ್ಟಾದವರು ಗೋಪುರಕ್ಕೆ ಬೈದರು.
ಈಗ ಸೂಚನೆ ತಾನೇ ಬರುತ್ತದೆ, ಕೇಳಿದ ಭಾಷೆಯಲ್ಲಿ:
ಮರಳು ಸರಿದಿದೆ, ಬಲದಂಡೆ ಬಿಡಿ.
ಬೈಯಲು ಯಾರ ಹೆಸರೂ ಅದರಲ್ಲಿಲ್ಲ.

ತಿರುವಿನಾಚೆ ಇನ್ನೊಂದು ತ್ರಿಕೋನ, ಎದುರೇರಿ ಬರುತ್ತಿದೆ.
ಬೆರಳಿಟ್ಟೆ. ಹೆಸರು ಸ್ಟೆಲುಟ್ಸಾ. ಗೊತ್ತಿಲ್ಲ.
ಬಾವುಟ ರುಮೇನಿಯಾ. ಉದ್ದ, ಅಗಲ.
ಕೆಳಗೆ ಎಂಟು ಅಂಕಿ.

ಆ ಅಂಕಿ ಅಪ್ಪ ಹಿಂಬದಿಗೆ ಬರೆಯುವಾಗ
ಬಿಳಿಬಣ್ಣದ ಡಬ್ಬಿ ಹಿಡಿದು ನಿಂತವಳು ನಾನು.
ಕೈ ಅಲುಗಿ ಏಳರ ಬಾಲ ಸೋರಿತ್ತು.
ಹೆಸರು ಬದಲಾಗುತ್ತದೆ, ಯಜಮಾನ, ಬಾವುಟ, ಇಂಜಿನ್ನು ಕೂಡ.
ಗುಜರಿಗೆ ಬೀಳುವವರೆಗೆ ಅಂಕಿ ಬದಲಾಗದು.
ನಮ್ಮ ಕಾಲಕ್ಕೆ ಅದು ಪಿರೋಷ್ಕಾ, ಅಜ್ಜಿಯ ಹೆಸರು.
ಮಾರಿದ ದಿನ ಅಪ್ಪ ದಡಕ್ಕೆ ಬರಲಿಲ್ಲ.

ಹತ್ತನೇ ಚಾನೆಲ್. ಎಡಕ್ಕೆ ಎಡ ಹಾಯೋಣ, ಅಂದೆ.
ಗಂಡು ದನಿ, ಮುರುಕು ಜರ್ಮನ್: ಸರಿ, ಎಡಕ್ಕೆ ಎಡ.
ಕೆಲಸದ ಮಾತು ಅಲ್ಲಿಗೆ ಮುಗಿಯಬೇಕು.
ನಾನು ಗುಂಡಿ ಬಿಡಲಿಲ್ಲ.
ಅಡುಗೆಮನೆಯ ಮೂರನೇ ಡ್ರಾಯರ್, ಅಂದೆ,
ತುಸು ಎತ್ತಿ ಎಳೆಯಬೇಕು.

ಗರಗರ. ಆಮೇಲೆ ಅದೂ ಇಲ್ಲ.

ಎತ್ತಿಯೇ ಎಳೆಯುತ್ತೇವೆ, ಅಂದ.
ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳಿವೆ,
ಎಟೆಲ್ಕಾ, ಹನ್ನೊಂದು ಅಂತ ಒಂದು.
ಬಣ್ಣ ಬಳಿಯುವಾಗ ಅಷ್ಟಗಲ ಬಿಟ್ಟು ಬಳಿದೆವು.
ನೀವಾ?
ನನ್ನ ಮಗಳಿಗೂ ಈಗ ಹನ್ನೊಂದು.
ನಿಮಗಿಂತ ಎರಡು ಬೆರಳು ಗಿಡ್ಡ,
ಅದಕ್ಕೇ ನಿಮ್ಮ ಮೇಲೆ ಅವಳಿಗೆ ಸಿಟ್ಟು.

ಕಿಟಕಿ ಇಳಿಸಿದೆ. ಇಂಜಿನ್ನಿನ ಸದ್ದು, ಡೀಸೆಲ್ ವಾಸನೆ,
ಬೇಯುತ್ತಿರುವ ಎಲೆಕೋಸು,
ಅದು ಅವರದೋ ನಮ್ಮದೋ.
ಕಣ್ಣಿಗೆ ಏನೂ ಸಿಗಲಿಲ್ಲ.
ಪರದೆಯಲ್ಲಿ ಎರಡು ತ್ರಿಕೋನ ಒಂದನ್ನೊಂದು ಸವರಿ ಬಿಟ್ಟವು.

ತಡವಾಗಿ ಅಲೆ ಬಂತು.
ಅದು ನಕ್ಷೆಯಲ್ಲಿ ಇರಲಿಲ್ಲ.
ಕಾಫಿಯ ಲೋಟ ಮೇಜಿನಂಚಿಗೆ ಜಾರಿತು,
ಹಿಡಿದುಕೊಂಡೆ.

ಸಾವಿರದ ನಾನೂರ ಮೂವತ್ತೊಂಬತ್ತು.